ಧರ್ಮದ ದಟ್ಟಿಗೆ ಮೊಳ ಹಾಕಿದವರು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಪುಕ್ಕಟೆ ಸಿಕ್ಕ ಬಟ್ಟೆಯ ಉದ್ದಗಲ ನೋಡುವವರನ್ನು ಹಂಗಿಸುವ ಮಾತು ಅದು. ಈ ಸಂಜೆ ನಾನು ಮೊಳ ಹಾಕಿದವರ ಪರವಾಗಿ ಮಾತನಾಡಲು ಬಂದಿದ್ದೇನೆ. ಅವರು ಹಿತ್ತಲಿಗೆ ಹೋಗಬೇಕಾಗಿ ಬಂದದ್ದೇಕೆ, ದಟ್ಟಿ ಕೊಟ್ಟವರ ಎದುರಿಗೇ ಅಳೆಯಲು ಏಕೆ ಆಗಲಿಲ್ಲ ಎಂಬುದೇ ನನ್ನ ವಿಷಯ ಎಂದರೂ ನಡೆದೀತು. ಆಹ್ವಾನ ಪತ್ರಿಕೆಯಲ್ಲಿ ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ವಿದೇಶಿ ನೆರವಿನ ಪರಿಣಾಮಕಾರಿತ್ವ’ ಎಂದು ಅಚ್ಚಾಗಿದೆ. ಪರಿಣಾಮಕಾರಿತ್ವ ಎಂದು ಗಂಟೆಗೆ ಇಪ್ಪತ್ತು ಸಲ ಹೇಳುವಷ್ಟು ದಮ್ಮು ನನಗಿಲ್ಲ. ಫಲ ಎನ್ನುತ್ತೇನೆ, ಒಪ್ಪಿಸಿಕೊಳ್ಳಿ.

1980ರ ಬಾಂಗ್ಲಾದೇಶಕ್ಕೆ ಹೋಗೋಣ. ಹಳ್ಳಿಯ ಮನೆಯೊಂದರ ಅಂಗಳದಲ್ಲಿ ಬ್ರಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯೊಬ್ಬರು ಕುಳಿತಿದ್ದಾರೆ. ಎದುರಿಗೆ ಆ ಮನೆಯ ತಾಯಿ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ಕಲಸಿ ತೋರಿಸುವುದಿಲ್ಲ, ತಾಯಿಯ ಕೈಯಿಂದಲೇ ಕಲಸಿಸುತ್ತಾರೆ. ಮಗುವಿಗೆ ಭೇದಿ ಹತ್ತಿದ ಕೂಡಲೇ ಇದನ್ನು ಕುಡಿಸುತ್ತಲೇ ಇರಬೇಕು. ಭೇದಿಯಿಂದ ಸಾಯುವ ಮಗು ಸಾಯುವುದು ಮೈಯ ನೀರು, ಲವಣ ಬಸಿದು ಹೋಗಿ. ಅದನ್ನು ತುಂಬಿಕೊಟ್ಟರೆ ಮಗು ಉಳಿಯುತ್ತದೆ. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಲವಣವನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. 1960ರ ದಶಕದಲ್ಲಿ ಅಮೆರಿಕದ ನೆರವಿನಿಂದ ನಡೆಯುತ್ತಿದ್ದ ಢಾಕಾದ ಕಾಲರಾ ಪ್ರಯೋಗಾಲಯ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿತ್ತು. 1971ರಲ್ಲಿ ಗಡಿಯಾಚೆಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದುಹೋದಾಗ ವೈದ್ಯ ದಿಲೀಪ್ ಮಹಾಲನಬಿಸ್ ಇದೇ ಬಗೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಸಾವಿನ ಪ್ರಮಾಣ ಶೇ 30ರಿಂದ ಶೇ 3.6ಕ್ಕೆ ಇಳಿಯಿತು.

ನಾನು ಹೇಳಬೇಕೆಂದಿರುವುದು ವಿಜ್ಞಾನದ ಮಾತಲ್ಲ. ಅಂಗಳದ ಪಾಠ ಮುಗಿದು ಸುಮಾರು ಒಂದು ತಿಂಗಳಿಗೆ ಮತ್ತೊಬ್ಬರು ಹಳ್ಳಿಗೆ ಬರುತ್ತಿದ್ದರು. ಪಾಠ ಹೇಳಿಸಿಕೊಂಡ ಮನೆಗಳಲ್ಲಿ ಕೆಲವನ್ನು ಆರಿಸಿಕೊಂಡು ಬಾಗಿಲು ತಟ್ಟಿ, ಕಲಿತದ್ದನ್ನು ಹೇಳಿ ನೋಡೋಣ ಎನ್ನುತ್ತಿದ್ದರು. ಉಪ್ಪೆಷ್ಟು, ಬೆಲ್ಲವೆಷ್ಟು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು? ಕಲಸಿ ತೋರಿಸಲು ಹೇಳುತ್ತಿದ್ದರು. ಆ ದ್ರಾವಣದ ಉಪ್ಪಿನಂಶವನ್ನು ಪ್ರಯೋಗಾಲಯದಲ್ಲಿ ಅಳೆಯಲಾಗುತ್ತಿತ್ತು. ಪಾಠ ಹೇಳಿದ ಕಾರ್ಯಕರ್ತೆಗೆ ಎಷ್ಟು ಹಣ ಸಿಗಬೇಕು ಎಂಬುದು ಆ ತಾಯಿಯ ಉತ್ತರದ ಮೇಲೆ ನಿಂತಿತ್ತು. ಎಷ್ಟು ಮನೆ ಮುಟ್ಟಿದೆ ಎಂಬ ಲೆಕ್ಕಕ್ಕೆ ಸಂಬಳವಿಲ್ಲ. ಎಷ್ಟು ಜನರ ತಲೆಯಲ್ಲಿ ಉಳಿಯಿತು ಎಂಬುದಕ್ಕೆ ಸಂಬಳ.

ಮಜವೆಂದರೆ, ಹೀಗೆ ಕೇಳಿಕೊಂಡು ಹೋದಾಗ ಸಿಕ್ಕ ಸುದ್ದಿ ಚೆನ್ನಾಗಿರಲಿಲ್ಲ. ತಾಯಂದಿರಿಗೆ ಪಾಠ ಬಾಯಿಗೆ ಬರುತ್ತಿತ್ತು, ಆದರೆ ಮಗುವಿಗೆ ಭೇದಿಯಾದಾಗ ಕುಡಿಸುತ್ತಿದ್ದವರು ಕಡಿಮೆ. ಏಕೆಂದು ಕೆದಕಿದರೆ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು, ಪಾಠ ಹೇಳುವ ಕಾರ್ಯಕರ್ತೆಯರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆಗೆ ಹೋಗುತ್ತಿದ್ದರು. ಎರಡನೆಯದು, ಮನೆಯ ಗಂಡಸರನ್ನು ಯಾರೂ ಮಾತನಾಡಿಸಿರಲಿಲ್ಲ. ಅಂಗಳದಲ್ಲಿ ನಡೆಯುತ್ತಿದ್ದುದು ಏನೆಂದು ತಿಳಿಯದೆ ಅವರು ಅಡ್ಡ ನಿಂತಿದ್ದರು. ಬ್ರಾಕ್ ತನ್ನ ಕಾರ್ಯಕರ್ತೆಯರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆತಂದು, ಬರಿಯ ದ್ರಾವಣದಿಂದ ರೋಗಿಗಳು ಎದ್ದು ಕೂರುವುದನ್ನು ಕಣ್ಣಾರೆ ತೋರಿಸಿತು. ಗಂಡಸರಿಗಾಗಿ ಮಸೀದಿಯಲ್ಲಿ, ಸಂತೆಯಲ್ಲಿ ಮಾತುಕತೆ ಇಟ್ಟಿತು. ಹತ್ತು ವರ್ಷ ತಿರುಗಿ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿತು. ಹಣ ಬಹುಪಾಲು ಹೊರದೇಶಗಳ ದಾನಿಗಳದು. ನೆರವು ಫಲ ಕೊಟ್ಟಿತೇ ಎಂದರೆ ಕೊಟ್ಟಿತು. ಅದು ಬೆಲ್ಲದ ಗುಣವೋ ಹಣದ ಗುಣವೋ ಎಂದು ಕೇಳಿದರೆ, ತಿಂಗಳಾದ ಮೇಲೆ ಬಾಗಿಲು ತಟ್ಟಿದವರ ಗುಣ ಎಂದು ನಾನು ಹೇಳುತ್ತೇನೆ.

ಈಗ ಅದೇ ದೇಶ, ಅದೇ ದಶಕಗಳು, ಅದೇ ಭೇದಿ. ಕೆರೆಕಟ್ಟೆಯ ನೀರು ಕುಡಿದು ಮಕ್ಕಳು ಸಾಯುತ್ತಿದ್ದುದರಿಂದ ಅಂತರ್ಜಲ ಕುಡಿಸುವುದು ಲೇಸೆಂದು 1970ರ ದಶಕದಲ್ಲಿ ಯುನಿಸೆಫ್ ಮತ್ತು ಬಾಂಗ್ಲಾದೇಶ ಸರ್ಕಾರ ಸೇರಿ ಕೊಳವೆಬಾವಿ ಕೊರೆಸಿದವು. ಕೈಪಂಪು ಒತ್ತಿದರೆ ತಿಳಿನೀರು. ಜನರಿಗೆ ಎಷ್ಟು ಇಷ್ಟವಾಯಿತೆಂದರೆ ಮುಂದೆ ತಾವೇ ಕೈಯಿಂದ ದುಡ್ಡು ಹಾಕಿ ಕೊರೆಸಿಕೊಂಡರು. 1990ರ ದಶಕದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಜನರಿಗಿಂತ ಹೆಚ್ಚು ಮಂದಿ ಕುಡಿಯುತ್ತಿದ್ದುದು ಕೊಳವೆಬಾವಿಯ ನೀರನ್ನೇ. ದಾನಿಗಳ ವರದಿಗಳಲ್ಲಿ ಇದು ಹೆಮ್ಮೆಯ ಅಧ್ಯಾಯ.

ಆ ನೀರಿನಲ್ಲಿ ಆರ್ಸೆನಿಕ್ ಇತ್ತು. ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದರಲ್ಲ, ಅದೇ. ಯಾರೂ ಬೆರೆಸಿದ್ದಲ್ಲ, ನದಿಗಳು ಹೊತ್ತು ತಂದು ಹಾಸಿದ ಮೆಕ್ಕಲು ಮಣ್ಣಿನಲ್ಲೇ ಇದ್ದದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು ಚುಕ್ಕೆಗಳು ಮೂಡುತ್ತವೆ, ಅಂಗೈ ಅಂಗಾಲು ಗಂಟುಗಟ್ಟುತ್ತವೆ, ಇನ್ನೂ ಕೆಲವು ವರ್ಷಕ್ಕೆ ಕ್ಯಾನ್ಸರ್. ಪಕ್ಕದ ಪಶ್ಚಿಮ ಬಂಗಾಳದಲ್ಲಿ 1980ರ ದಶಕದ ಆರಂಭದಲ್ಲೇ ವೈದ್ಯರು ಇದನ್ನು ಗುರುತಿಸಿದ್ದರು. ಭೂಮಿಯೊಳಗಿನ ನೀರಿಗೆ ಗಡಿಯ ಬೇಲಿ ಇರುವುದಿಲ್ಲ. ಆದರೂ ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಪತ್ತೆಯಾಗಲು 1993 ಆಗಬೇಕಾಯಿತು. ಆಳವಿಲ್ಲದ ಕೊಳವೆಬಾವಿಗಳಲ್ಲಿ ಶೇ 27ರಷ್ಟು ಆ ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೋಗ್ರಾಂ ಮೀರಿದ್ದವೆಂದು ನಂತರದ ಸಮೀಕ್ಷೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇದರ ಐದನೇ ಒಂದು ಭಾಗ. ಆ ಅಳತೆಗೋಲಿನಲ್ಲಿ ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಬಾವಿಗಳು ಕೆಟ್ಟವು. ಅಪಾಯಕ್ಕೆ ಒಡ್ಡಿಕೊಂಡವರ ಅಂದಾಜು 3.5 ಕೋಟಿಯಿಂದ 7.7 ಕೋಟಿ.

ಬೈಯುವುದು ಸುಲಭ. ಕೊಳವೆಬಾವಿ ಕೊರೆಸಿದ್ದು ಹುಚ್ಚು ಯೋಚನೆಯೇನೂ ಆಗಿರಲಿಲ್ಲ. ಆ ಕಾಲದಲ್ಲಿ ಅಂತರ್ಜಲದಲ್ಲಿ ಆರ್ಸೆನಿಕ್ ಇದೆಯೇ ಎಂದು ನೋಡುವ ರೂಢಿಯೇ ಇರಲಿಲ್ಲ. ನನ್ನ ತಕರಾರು ನಂತರದ ಇಪ್ಪತ್ತು ವರ್ಷಗಳ ಬಗ್ಗೆ. ಎಷ್ಟು ಬಾವಿ ಕೊರೆದೆವು ಎಂಬ ಲೆಕ್ಕ ಅಚ್ಚುಕಟ್ಟಾಗಿತ್ತು. ಕುಡಿದವರು ಹೇಗಿದ್ದಾರೆ ಎಂದು ನೋಡಿ ಬರುವುದು ಯಾರ ಕೆಲಸವೂ ಆಗಿರಲಿಲ್ಲ.

1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆ ಬ್ರಿಟನ್ನಿನ ನೆರವಿನ ಹಣದಲ್ಲಿ ಬಾಂಗ್ಲಾದೇಶದ ಅಂತರ್ಜಲದ ಕುರಿತು ವರದಿಯೊಂದನ್ನು ಕೊಟ್ಟಿತ್ತು. ಹಲವಾರು ಧಾತುಗಳಿಗಾಗಿ ನೀರನ್ನು ಪರೀಕ್ಷಿಸಿದ್ದರು. ಆರ್ಸೆನಿಕ್ ಆ ಪಟ್ಟಿಯಲ್ಲಿರಲಿಲ್ಲ. ಮುಂದೆ ಆ ನೀರು ಕುಡಿದು ಕಾಯಿಲೆ ಬಿದ್ದ ಹಳ್ಳಿಗನೊಬ್ಬ ಬ್ರಿಟನ್ನಿನ ನ್ಯಾಯಾಲಯದಲ್ಲಿ ಪರಿಹಾರ ಕೇಳಿದ. ಮೊಕದ್ದಮೆ ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 2006ರಲ್ಲಿ ತೀರ್ಪು ಬಂತು: ಆ ಭೂವಿಜ್ಞಾನಿಗಳಿಗೂ ಈ ಹಳ್ಳಿಗನಿಗೂ ನಡುವೆ ಹೊಣೆ ಹುಟ್ಟಿಸುವಷ್ಟು ‘ಸಾಮೀಪ್ಯ’ ಇಲ್ಲ. ಕಾನೂನಿನ ಪರಿಭಾಷೆಯದು, ತಪ್ಪೆನ್ನಲಾರೆ. ಆದರೆ ವಿದೇಶಿ ನೆರವಿನ ಬಗ್ಗೆ ನಾನು ಓದಿದ ಅಷ್ಟೂ ಸಾಹಿತ್ಯದಲ್ಲಿ ಇಷ್ಟು ನಿಖರವಾದ ಪದ ಇನ್ನೊಂದು ಸಿಕ್ಕಿಲ್ಲ. ಕೊಟ್ಟವರಿಗೂ ಪಡೆದವರಿಗೂ ಸಾಮೀಪ್ಯವಿಲ್ಲ.

ಅದೇ ಲಂಡನ್ನಿನಲ್ಲಿ 12 ವರ್ಷ ಮೊದಲು ನಡೆದ ಇನ್ನೊಂದು ಮೊಕದ್ದಮೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಮಲೇಷ್ಯಾದ ಪೆರ್ಗಾವ್ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಬ್ರಿಟನ್ 23.4 ಕೋಟಿ ಪೌಂಡ್ ನೆರವು ಒಪ್ಪಿತ್ತು. ನೆರವಿನ ಇಲಾಖೆಯ ಮುಖ್ಯಾಧಿಕಾರಿ ಟಿಮ್ ಲ್ಯಾಂಕೆಸ್ಟರ್ ಲೆಕ್ಕ ಹಾಕಿ, ಇದು ಗಿಟ್ಟುವ ಯೋಜನೆಯಲ್ಲ, ಮಾಡಲೇಬೇಕೆಂದರೆ ಸಚಿವರು ಲಿಖಿತ ಆದೇಶ ಕೊಡಲಿ ಎಂದು ಪಟ್ಟು ಹಿಡಿದರು. 1991ರಲ್ಲಿ ವಿದೇಶಾಂಗ ಸಚಿವ ಡಗ್ಲಾಸ್ ಹರ್ಡ್ ಆದೇಶ ಕೊಟ್ಟರು. ಹಿಂದೆ 1988ರ ಶಸ್ತ್ರಾಸ್ತ್ರ ಒಪ್ಪಂದವಿತ್ತು. ಇಷ್ಟು ಆಯುಧ ಕೊಂಡರೆ ಇಷ್ಟು ನೆರವು ಎಂಬ ಮಾತು ಅದರಲ್ಲಿ ನುಸುಳಿತ್ತು. ಲೆಕ್ಕಪರಿಶೋಧಕರು ವಿಷಯವನ್ನು ಬಯಲಿಗೆಳೆದರು. ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್ ಎಂಬ ಬ್ರಿಟನ್ನಿನದೇ ಸಂಘಟನೆ ಕೋರ್ಟಿಗೆ ಹೋಯಿತು. 1994ರಲ್ಲಿ ಹೈಕೋರ್ಟ್ ಈ ನೆರವು ಕಾನೂನುಬಾಹಿರ ಎಂದಿತು. ಅಣೆಕಟ್ಟೇನೋ ಎದ್ದು ನಿಂತಿತು, ಹಣ ಬೇರೆ ಖಾತೆಯಿಂದ ಹೋಯಿತು. ಆದರೆ ಮುಂದೆ ಬ್ರಿಟನ್ ತನ್ನ ನೆರವಿಗೆ ‘ನಮ್ಮ ಕಂಪನಿಗಳಿಂದಲೇ ಕೊಳ್ಳಬೇಕು’ ಎಂಬ ಕಟ್ಟುಪಾಡನ್ನು ಕೈಬಿಟ್ಟದ್ದರಲ್ಲಿ, ನೆರವಿನ ಕುರಿತು 2002ರ ಹೊಸ ಕಾಯ್ದೆ ಬಂದದ್ದರಲ್ಲಿ ಈ ಹಗರಣದ ಪಾಲು ದೊಡ್ಡದು.

ಎರಡು ಮೊಕದ್ದಮೆಗಳ ಕಾನೂನು ಬೇರೆ ಬೇರೆ, ವಕೀಲರು ಯಾರಾದರೂ ಸಭೆಯಲ್ಲಿದ್ದರೆ ನನ್ನನ್ನು ಹಿಡಿಯಬಹುದು. ಆದರೂ ಗಮನಿಸಿ. ಕೊಟ್ಟವರ ಹಣ ಪೋಲಾಯಿತು ಎಂದು ಕೊಟ್ಟವರ ಊರಿನವರು ಕೇಳಿದಾಗ ಬಾಗಿಲು ತೆರೆಯಿತು. ಪಡೆದವನು ನನ್ನ ಮೈ ಕೆಟ್ಟಿತು ಎಂದಾಗ ಸಾಮೀಪ್ಯ ಸಾಲಲಿಲ್ಲ. ಸರ್ಕಾರ ಬೀದಿಗೆ ರಸ್ತೆ ಹಾಕಿಸದಿದ್ದರೆ ಮತ ಕೇಳಲು ಬಂದವರನ್ನು ಜನ ನಿಲ್ಲಿಸಿ ಕೇಳಬಹುದು. ಅಂಗಡಿಯ ಸಾಮಾನು ಕೆಟ್ಟರೆ ಬೇರೆ ಅಂಗಡಿಗೆ ಹೋಗಬಹುದು. ನೆರವಿನಲ್ಲಿ ಹಣ ಕೊಡುವ ತೆರಿಗೆದಾರ ಒಂದು ಖಂಡದಲ್ಲಿ, ಬಳಸುವವನು ಇನ್ನೊಂದು ಖಂಡದಲ್ಲಿ. ಬಳಸುವವನಿಗೆ ಅಲ್ಲಿ ಮತವಿಲ್ಲ. ತೆರಿಗೆದಾರನಿಗೆ ಇಲ್ಲಿನ ಬಾವಿ ಕಾಣುವುದಿಲ್ಲ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎನ್ನುವುದು ಸಾಲದ ಲೋಕದ ಗಾದೆ. ನೆರವಿನ ಲೋಕದಲ್ಲಿ ಈರಭದ್ರ ಯಾವಾಗಲೂ ಕೊಟ್ಟವನೇ.

ಹೀಗಾಗಿಯೇ ನಗೆಪಾಟಲಿನ ಕಥೆಗಳು ಹುಟ್ಟಿದ್ದು. ಕೆನ್ಯಾದ ತುರ್ಕಾನಾ ಸರೋವರದ ದಡದಲ್ಲಿ ದನಕುರಿ ಸಾಕುವ ಜನರಿಗಾಗಿ ನಾರ್ವೆ ಮೀನು ಶೈತ್ಯೀಕರಿಸುವ ಕಾರ್ಖಾನೆ ಕಟ್ಟಿತು. ಮರುಭೂಮಿಯ ಸೆಖೆಯಲ್ಲಿ ಮೀನನ್ನು ತಣ್ಣಗಿಡುವ ಖರ್ಚು ಮೀನಿನ ಬೆಲೆಯನ್ನೇ ಮೀರಿತು; ಕೆಲವೇ ದಿನಗಳಲ್ಲಿ ಬಾಗಿಲು ಹಾಕಿದರು. ಆಫ್ರಿಕಾದ ಹಳ್ಳಿಗಳಿಗೆ ಮಕ್ಕಳು ಆಡಿದರೆ ನೀರು ಬರುವ ತಿರುಗಣೆ ಪಂಪು ಬಂತು. ಮಕ್ಕಳು ಇಡೀ ಹೊತ್ತು ಆಡುವುದಿಲ್ಲವಾದ್ದರಿಂದ ಕೊನೆಗೆ ಹೆಂಗಸರು ಬಿಸಿಲಿನಲ್ಲಿ ಆ ತಿರುಗಣೆ ನೂಕಿದರು. ಇಂಥವನ್ನು ಹೇಳುತ್ತಾ ಹೋದರೆ ಚಪ್ಪಾಳೆ ಬೀಳುತ್ತದೆ. ಆದರೆ ನಾಲ್ಕು ಕಥೆ ಹೇಳಿ ನೆರವೆಲ್ಲ ದಂಡ ಎಂದು ಇಳಿದುಹೋಗುವ ಭಾಷಣಕಾರರ ಮೇಲೆ ನನಗೆ ಅನುಮಾನ. ಅವರು ಸಿಡುಬಿನ ಹೆಸರೆತ್ತುವುದಿಲ್ಲ.

ಸಿಡುಬು ನಿರ್ಮೂಲನದ ತೀವ್ರ ಅಭಿಯಾನ ಶುರುವಾದದ್ದು 1967ರಲ್ಲಿ. ಸೋವಿಯತ್ ಒಕ್ಕೂಟ ಲಸಿಕೆ ಕೊಟ್ಟಿತು, ಅಮೆರಿಕ ಹಣವನ್ನೂ ತಜ್ಞರನ್ನೂ ಕೊಟ್ಟಿತು. ಶೀತಲ ಸಮರದ ನಡುವೆ, ನೆನಪಿರಲಿ. ಒಟ್ಟು ಖರ್ಚು ಸುಮಾರು 30 ಕೋಟಿ ಡಾಲರ್, ಅದರಲ್ಲಿ ಹೊರಗಿನ ನೆರವು ಮೂರನೇ ಒಂದು ಭಾಗದಷ್ಟು. 1977ರಲ್ಲಿ ಸೊಮಾಲಿಯಾದ ಮೆರ್ಕಾ ಪಟ್ಟಣದಲ್ಲಿ ಆಸ್ಪತ್ರೆಯ ಅಡುಗೆಯವನೊಬ್ಬನಿಗೆ ತಗುಲಿದ್ದೇ ಸಹಜವಾಗಿ ಹರಡಿದ ಕೊನೆಯ ಪ್ರಕರಣ. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು ಕುತೂಹಲಕರವಾಗಿದೆ: ಇನ್ನೊಂದು ಸಿಡುಬು ತೋರಿಸಿದವರಿಗೆ 1000 ಡಾಲರ್ ಬಹುಮಾನ ಘೋಷಿಸಿತು. ನಿಮ್ಮ ಗೆಲುವು ಸುಳ್ಳು ಎಂದು ಸಾಬೀತು ಮಾಡಿ, ಹಣ ತೆಗೆದುಕೊಳ್ಳಿ ಎಂಬ ಪಂಥಾಹ್ವಾನ. ಯಾರೂ ಗೆಲ್ಲಲಿಲ್ಲ. 1980ರಲ್ಲಿ ರೋಗ ಅಳಿದಿದೆ ಎಂದು ಸಾರಿದರು. ಕೆಟ್ಟ ಸುದ್ದಿ ತಂದವರಿಗೆ ಬಹುಮಾನ ಕೊಟ್ಟ ನೆರವಿನ ಯೋಜನೆ ಬೇರೆ ಎಷ್ಟಿವೆ?

ಅರ್ಥಶಾಸ್ತ್ರಜ್ಞರು ಇನ್ನೊಂದು ದಾರಿ ಹಿಡಿದರು. ನೆರವು ಪಡೆದ ದೇಶಗಳು ಬೆಳೆದವೇ ಎಂದು ದೇಶದೇಶಗಳ ಅಂಕಿ ಕಲೆಹಾಕಿದರು. 2000ದಲ್ಲಿ ಬರ್ನ್‌ಸೈಡ್ ಮತ್ತು ಡಾಲರ್ (ಹೌದು, ಆತನ ಹೆಸರೇ ಡಾಲರ್) ಒಳ್ಳೆಯ ಆರ್ಥಿಕ ನೀತಿಯಿರುವ ದೇಶದಲ್ಲಿ ನೆರವಿನಿಂದ ಬೆಳವಣಿಗೆ ಹೆಚ್ಚುತ್ತದೆ ಎಂದು ತೋರಿಸಿದರು. ದಾನಿಗಳಿಗೆ ಖುಷಿಯಾಯಿತು. 2004ರಲ್ಲಿ ಈಸ್ಟರ್ಲಿ, ಲೆವಿನ್, ರೂಡ್‌ಮನ್ ಅದೇ ಲೆಕ್ಕಕ್ಕೆ ಇನ್ನಷ್ಟು ವರ್ಷಗಳ, ಇನ್ನಷ್ಟು ದೇಶಗಳ ಅಂಕಿ ಸೇರಿಸಿದರು. ಫಲಿತಾಂಶ ಕರಗಿಹೋಯಿತು. ಈ ದಾರಿಯಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ. ನೆರವು ಎಂಬ ಒಂದೇ ತಲೆಬರಹದ ಕೆಳಗೆ ಲಸಿಕೆಯೂ ಇದೆ, ಪೆರ್ಗಾವ್ ಅಣೆಕಟ್ಟೂ ಇದೆ, ಸರ್ವಾಧಿಕಾರಿಗಳ ಸ್ನೇಹಕ್ಕೆ ತೆತ್ತ ಬೆಲೆಯೂ ಇದೆ. 2023ರಲ್ಲಿ ಬ್ರಿಟನ್ ನೆರವೆಂದು ಲೆಕ್ಕ ತೋರಿಸಿದ ಹಣದಲ್ಲಿ ಕಾಲುಭಾಗಕ್ಕೂ ಹೆಚ್ಚು ಖರ್ಚಾದದ್ದು ತನ್ನ ನೆಲಕ್ಕೆ ಬಂದ ಆಶ್ರಯಾರ್ಥಿಗಳ ಮೇಲೆ. ನಿಯಮದ ಪ್ರಕಾರ ಸರಿಯೇ. ಆದರೆ ಆ ಹಣ ಬ್ರಿಟನ್ ಬಿಟ್ಟು ಹೊರಗೆ ಹೋಗಲೇ ಇಲ್ಲ. ಇದನ್ನೆಲ್ಲ ಒಟ್ಟಿಗೆ ರುಬ್ಬಿ ದೇಶದ ಬೆಳವಣಿಗೆಯ ದರದ ಜೊತೆ ತೂಗಿದರೆ ಏನು ಸಿಕ್ಕೀತು?

ಅಳೆದರೆ ಸಾಲದು, ಅಳೆದವನ ಮಾತು ಕೇಳುವವರೂ ಬೇಕು. 1978ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಎರ್ವಿನ್ ಬ್ಲೂಮೆಂಟಾಲ್ ಎಂಬ ಜರ್ಮನ್ ಬ್ಯಾಂಕರನ್ನು ಜೈರ್ ದೇಶದ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಕೇಂದ್ರ ಬ್ಯಾಂಕಿಗೆ ಕಳಿಸಿತು. ಅಧ್ಯಕ್ಷ ಮೊಬುಟು ಮತ್ತು ಆತನ ಬಳಗ ಖಜಾನೆಯನ್ನು ಹೇಗೆ ಬರಿದು ಮಾಡುತ್ತಿದೆ ಎಂದು ಅವರು ಕಣ್ಣಾರೆ ಕಂಡು ಬರೆದರು; ಸಾಲ ಕೊಟ್ಟವರಿಗೆ ಹಣ ಮರಳುವ ಆಸೆ ಬೇಡ ಎಂದು 1982ರ ವರದಿಯಲ್ಲಿ ನೇರವಾಗಿ ಹೇಳಿದರು. ಹಣ ಹರಿಯುತ್ತಲೇ ಇತ್ತು. ಶೀತಲ ಸಮರದಲ್ಲಿ ಮೊಬುಟು ಬೇಕಾದವನಾಗಿದ್ದ, ಅಷ್ಟೇ. ಇದಕ್ಕೆ ತದ್ವಿರುದ್ಧ ಬೋಟ್ಸ್ವಾನಾ. 1966ರಲ್ಲಿ ಸ್ವತಂತ್ರವಾದಾಗ ಸರ್ಕಾರದ ದಿನದ ಖರ್ಚಿಗೂ ಬ್ರಿಟನ್ನಿನ ಹಣ ಬೇಕಾಗಿತ್ತು. ಆದರೆ ಅಲ್ಲಿನ ಹಣಕಾಸು ಮತ್ತು ಯೋಜನಾ ಸಚಿವಾಲಯ ದಾನಿಗಳ ಪ್ರತಿಯೊಂದು ಪ್ರಸ್ತಾವವನ್ನೂ ತನ್ನ ಯೋಜನೆಯ ಪಕ್ಕದಲ್ಲಿಟ್ಟು ನೋಡುತ್ತಿತ್ತು. ಹೊಂದದಿದ್ದರೆ ಬೇಡ ಎನ್ನುತ್ತಿತ್ತು. ದಟ್ಟಿಗೆ ಮೊಳ ಹಾಕಲು ಅವರು ಹಿತ್ತಲಿಗೆ ಹೋಗಲಿಲ್ಲ. ವಜ್ರ ಸಿಕ್ಕಿದ್ದು ಅದೃಷ್ಟ, ಒಪ್ಪುತ್ತೇನೆ. ವಜ್ರ ಜೈರ್‌ನಲ್ಲೂ ಇತ್ತು.

ಉಗಾಂಡಾದ್ದೊಂದು ಪ್ರಸಂಗ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. 1990ರ ದಶಕದ ಮೊದಲಲ್ಲಿ ಸರ್ಕಾರಿ ಶಾಲೆಗಳಿಗೆಂದು ರಾಜಧಾನಿಯಿಂದ ಹೊರಟ ತಲಾ ಅನುದಾನದಲ್ಲಿ ಸರಾಸರಿ ಶೇ 13ರಷ್ಟು ಮಾತ್ರ ಶಾಲೆ ಮುಟ್ಟುತ್ತಿತ್ತು. ರೈನಿಕ್ಕಾ ಮತ್ತು ಸ್ವೆನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಕಂಡುಹಿಡಿದ ಬಗೆ ಸರಳ: ರಾಜಧಾನಿಯ ಕಡತವನ್ನೂ ಶಾಲೆಯ ಕಡತವನ್ನೂ ಎದುರುಬದುರು ಇಟ್ಟು ನೋಡಿದರು. ಮುಂದೆ ಯಾವ ಜಿಲ್ಲೆಗೆ ಎಷ್ಟು ಹಣ ಹೊರಟಿತು ಎಂದು ಸರ್ಕಾರ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿತು, ಶಾಲೆಯ ಗೋಡೆಗೂ ಅಂಟಿಸಲು ಹೇಳಿತು. ಕೆಲವು ವರ್ಷಗಳಲ್ಲಿ ಶೇ 80ಕ್ಕೂ ಹೆಚ್ಚು ಹಣ ಶಾಲೆಗೆ ಬಂತು. ಪತ್ರಿಕೆಯೊಂದರಿಂದಲೇ ಆಯಿತೇ ಎಂದು ನಂತರ ಕೆಲವರು ಪ್ರಶ್ನಿಸಿದ್ದಾರೆ. ಆಡಳಿತದಲ್ಲಿ ಬೇರೆ ಬದಲಾವಣೆಗಳೂ ಆಗಿದ್ದವು. ಇರಲಿ. ತಮ್ಮ ಶಾಲೆಗೆ ಎಷ್ಟು ಬರಬೇಕಾಗಿತ್ತು ಎಂಬುದೇ ಮೊದಲು ಅಲ್ಲಿನ ತಂದೆತಾಯಿಗಳಿಗೆ ಗೊತ್ತಿರಲಿಲ್ಲ.

ಉಪನ್ಯಾಸದ ಬಳಿಕ ಒಬ್ಬರು ಕೇಳಿದರು: ಎಷ್ಟು ಕೊಟ್ಟರೂ ಕದಿಯುವವರು ಕದಿಯುತ್ತಾರಲ್ಲ? ಕದಿಯುತ್ತಾರೆ. ನೆರವನ್ನೇ ಹೆಚ್ಚು ನೆಚ್ಚಿಕೊಂಡ 22 ದೇಶಗಳನ್ನು ನೋಡಿದ ವಿಶ್ವಬ್ಯಾಂಕಿನ 2020ರ ಅಧ್ಯಯನ, ನೆರವು ಬಂದ ಹೊತ್ತಿಗೇ ಆ ದೇಶಗಳಿಂದ ತೆರಿಗೆಗಳ್ಳರ ಸ್ವರ್ಗಗಳ ಬ್ಯಾಂಕುಗಳಿಗೆ ಹೋದ ಹಣ ನೆರವಿನ ಶೇ 7.5ರಷ್ಟಿರಬಹುದು ಎಂದು ಅಂದಾಜಿಸಿತು. ಸಣ್ಣ ಮೊತ್ತವಲ್ಲ. ಆದರೆ ಎಲ್ಲ ಹಣ ಕಳ್ಳರ ಪಾಲು ಎಂಬ ಮಾತಿಗೂ ಇದಕ್ಕೂ ಅಂತರವಿದೆ. ಪುಕ್ಕಟೆ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ ಎಂಬುದು ಇನ್ನೊಬ್ಬರ ವಾದ. ಕೆನ್ಯಾದಲ್ಲಿ ಸೊಳ್ಳೆಪರದೆಯ ಮೇಲೆ ಇದನ್ನೇ ಪರೀಕ್ಷಿಸಿದ್ದಾರೆ. ಪುಕ್ಕಟೆ ಪಡೆದವರೂ ದುಡ್ಡು ಕೊಟ್ಟವರಷ್ಟೇ ಬಳಸಿದರು. ಚಿಕ್ಕ ಬೆಲೆ ಇಟ್ಟ ಕಡೆ ಕೊಳ್ಳುವವರೇ ತೀರಾ ಇಳಿದುಹೋದರು.

ಹಾಗಾದರೆ ಅಮೆರಿಕ ನೆರವು ನಿಲ್ಲಿಸಿದ್ದು ತಪ್ಪೇ ಎಂದು ಯುವತಿಯೊಬ್ಬರು ಕೇಳಿದರು. 1961ರಲ್ಲಿ ಹುಟ್ಟಿದ, ಅಮೆರಿಕದ ವಿದೇಶಿ ನೆರವು ಹಂಚುವ ಸರ್ಕಾರಿ ಸಂಸ್ಥೆ ಯುಎಸ್‌ಎಯ್ಡ್ 2025ರ ಜುಲೈ 1ರಂದು ಬಾಗಿಲು ಹಾಕಿತು. ಯಾವ ಯೋಜನೆ ಫಲ ಕೊಟ್ಟಿತ್ತು, ಯಾವುದು ಕೊಟ್ಟಿರಲಿಲ್ಲ ಎಂದು ನಿಧಾನವಾಗಿ ತೂಗಿ ನೋಡಿ ಮುಚ್ಚಿದ್ದಲ್ಲ. ಜನವರಿಯಲ್ಲಿ ಎಲ್ಲಕ್ಕೂ ಒಮ್ಮೆಗೇ ತಡೆ ಬಿತ್ತು. ಔಷಧ ನಿಂತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಷ್ಟು ಸುದ್ದಿಯಾಗದೆ ನಿಂತದ್ದು ಇನ್ನೊಂದಿದೆ. 1984ರಿಂದ ಅಮೆರಿಕದ ಹಣದಲ್ಲಿ ತೊಂಬತ್ತು ದೇಶಗಳಲ್ಲಿ ನಡೆದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಡಿಎಚ್‌ಎಸ್. ಎಷ್ಟೋ ದೇಶಗಳಲ್ಲಿ ಎಷ್ಟು ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತಾರೆ ಎಂದು ತಿಳಿಯುತ್ತಿದ್ದುದೇ ಇದರಿಂದ. 2025ರ ಫೆಬ್ರುವರಿಯಲ್ಲಿ ಅದನ್ನು ರದ್ದು ಮಾಡಿದರು. ನಂತರ ಬೇರೆ ಕಡೆಯಿಂದ ಸ್ವಲ್ಪ ಹಣ ಹೊಂದಿಸಿ ಕೆಲವು ಸಮೀಕ್ಷೆಗಳನ್ನು ಉಳಿಸಿಕೊಳ್ಳುವ ಯತ್ನ ನಡೆಯಿತು.

ಆ ಸಮೀಕ್ಷೆಯ ಪ್ರಶ್ನಾವಳಿಯನ್ನು ಸಾಧ್ಯವಾದರೆ ನೋಡಿ. ಮನೆಗೆ ಬಂದವರು ತಾಯಿಯ ಎದುರು ಕುಳಿತು ಒಂದೊಂದೇ ಕೇಳುತ್ತಾ ಹೋಗುತ್ತಾರೆ. ಅದರ ನಡುವೆ ಈ ಪ್ರಶ್ನೆಯಿದೆ: ಕಳೆದ ಎರಡು ವಾರಗಳಲ್ಲಿ ನಿಮ್ಮ ಮಗುವಿಗೆ ಭೇದಿಯಾಗಿತ್ತೇ? ಆಗಿದ್ದರೆ, ಕುಡಿಯಲು ಏನು ಕೊಟ್ಟಿರಿ?